ಅಲುಗಿದ್ದು ಮೊಬೈಲಲ್ಲ

ಉಪ್ಪುಂದ
೧೪ ಜುಲೈ ೨೦೨೫, ಸೋಮವಾರ

ನನ್ನ ಮುದ್ದು ನವ್ಯಶ್ರೀಗೆ, ಧಾರವಾಡದ ಡ್ರಾಯಿಂಗ್ ಟೀಚರಮ್ಮನಿಗೆ, ಬಲೆ ಅಂಗಡಿಯ ಹಿಂದಿನ ಅಡುಗೆಮನೆಯಿಂದ ನಿನ್ನ ಅಮ್ಮ ಬರೆಯುವುದು.

ಮೊನ್ನೆ ನೀನು ಫೋನ್ ಮಾಡಿ, "ರತನ್ ಹಾಕಿದ್ ವಿಡಿಯೊ ಕಂಡೆ. ಅಪ್ಪಯ್ಯನ ಕೈ ಎಂತಕ್ಕ್ ಹಾಂಗ್ ಅಲ್ಗತ್ತ್?" ಎಂದು ಕೇಳಿದೆ. ನಾನು ನಕ್ಕು, "ಕೈ ಅಲ್ಲ ಮಗೂ, ಆ ಮಾಣಿ ಮೊಬೈಲ್ ಅಲ್ಗದ್ದ್" ಎಂದೆ. ನೀನು ನಂಬಿದೆ, ಇಲ್ಲವೇ ನಂಬಿದ ಹಾಗೆ ಮಾಡಿದೆ. ಅಲುಗಿದ್ದು ಮೊಬೈಲಲ್ಲ. ರತನ್‌ನ ಕೈ ಬಂಡೆಯ ಹಾಗೆ ನಿಂತಿತ್ತು. ಅಪ್ಪಯ್ಯನ ಹಿಂದಿನ ಗೋಡೆಯ ಕ್ಯಾಲೆಂಡರ್ ಕೂಡ ಅಲುಗಿಲ್ಲ, ಬೇಕಾದರೆ ಇನ್ನೊಮ್ಮೆ ನೋಡು. ಬೇಡ, ನೋಡಬೇಡ.

ನನಗೆ ಹೆದರಿಕೆಯಾಗಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಹೆದರಿದಾಗ ನನಗೆ ತಮಾಷೆ ಹೆಚ್ಚು. ನಿನ್ನನ್ನು ಹೆರುವ ದಿನ ನರ್ಸಮ್ಮನನ್ನು ಎಷ್ಟು ನಗಿಸಿದ್ದೆನೆಂದರೆ, ಆಕೆ ನನ್ನದು ಸುಳ್ಳು ಬೇನೆ ಎಂದು ಚಾ ಕುಡಿಯಲು ಹೋಗಿಬಿಟ್ಟಿದ್ದಳು. ಹಾಗಾಗಿ ಈ ಕಾಗದದಲ್ಲಿ ಎಲ್ಲಿ ನಗು ಜಾಸ್ತಿ ಕಾಣುತ್ತದೋ, ಅಲ್ಲಿ ನಿಂತು ಇನ್ನೊಮ್ಮೆ ಓದು.

ಫೋನಿನಲ್ಲಿ ಹೇಳಲಾಗದು. ನಡುವೆ ಇರುವುದು ಒಂದು ಹಲಗೆ ಗೋಡೆ, ಆಚೆಗೆ ನಿನ್ನ ಅಪ್ಪಯ್ಯ. ಅವರ ಕಿವಿ ಬಂಗುಡೆ ಮೀನಿಗಿಂತ ಚುರುಕು. ಕಾಗದವಾದರೆ ಚಿಂತೆಯಿಲ್ಲ. ಅವರಿಗೆ ಓದಲು ಬರುವುದು ಮರಾಠಿ ಮಾತ್ರ. ಮಾಲ್ವಣದಿಂದ ಇಲ್ಲಿಗೆ ಬಂದು ಅರ್ಧ ಆಯುಷ್ಯ ಕಳೆದರೂ, ಕುಂದಾಪ್ರ ಕನ್ನಡದಲ್ಲಿ ಜಗಳ ಆಡಲು ಕಲಿತರೇ ಹೊರತು ಅಕ್ಷರ ಕಲಿಯಲಿಲ್ಲ. ಅಂಗಡಿಯ ಮೊದಲ ಬೋರ್ಡಿನಲ್ಲಿ ಪೇಂಟರ್ ಪುಣ್ಯಾತ್ಮ 'ಇಲ್ಲಿ ಭಲೆ ಸಿಗುತ್ತದೆ' ಎಂದು ಬರೆದಿದ್ದ. ನಾನು ಮದುವೆಯಾಗಿ ಬರುವವರೆಗೆ ಅದು ಹಾಗೇ ಇತ್ತು. ಬಂದವರೆಲ್ಲ "ಭಲೆ, ಭಲೆ" ಎನ್ನುವಾಗ ಇವರು ತಮ್ಮ ವ್ಯಾಪಾರ ಮೆಚ್ಚಿದರೆಂದು ಕೈ ಮುಗಿಯುತ್ತಿದ್ದರಂತೆ. ಬಿ.ಎ. ಕನ್ನಡ ಓದಿದ ನಾನು ಈ ಮನೆಗೆ ಮಾಡಿದ ಮೊದಲ ಉಪಕಾರ ಆ ಬೋರ್ಡಿನ ಉಸಿರು ಕಡಿಮೆ ಮಾಡಿದ್ದು.

ಕೈಯ ವಿಷಯಕ್ಕೆ ಬರುತ್ತೇನೆ. ಆಚೀಚೆ ಹೋಗುತ್ತಿರುವುದು ನನಗೂ ಗೊತ್ತು.

ನಿನ್ನ ಅಪ್ಪಯ್ಯ ಬಂದ ಹೊಸದರಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. "ಹ್ವಾಯ್ ಮರಾಟಿ, ಒಂದ್ ಉಂಡಿ ನೂಲ್ ಕೊಡಿ" ಅಷ್ಟೆ. ಹೆಸರು ಬಂದದ್ದು ನಾಡದೋಣಿಯ ಮುತ್ತಣ್ಣನಿಂದ. ಆ ವರ್ಷದ ಮಳೆಗಾಲ ಕಡಲು ಬರಿದಾಗಿತ್ತು. ಮುತ್ತಣ್ಣನ ಬೆರಳಿಗೆ ಏನೋ ಗಾಯ. ಹೊಸ ಬಲೆಯನ್ನು ಅಂಗಡಿಗೇ ಹೊತ್ತು ತಂದು, ಅದನ್ನು ತೇಲಿಸುವ ಬೆಂಡುಗಳಲ್ಲಿ ಮೊದಲನೆಯದನ್ನು ಕಟ್ಟಿಕೊಡಿ ಎಂದ. ಇವರು ಕಟ್ಟಿಕೊಟ್ಟರು. ಮರುದಿನ ಆ ನಾಡದೋಣಿ ಅಂಚಿನವರೆಗೆ ಬಂಗುಡೆ ತುಂಬಿಕೊಂಡು ಬಂತು. ಅಂದಿನಿಂದ ಊರಿನವರ ಬಾಯಲ್ಲಿ 'ಪ್ರೇಮಣ್ಣನ ಕೈಗುಣ'. ಮಳೆಗಾಲದಲ್ಲಿ ಹೊಸ ಬಲೆ ಇಳಿಸುವ ಮೊದಲು ಒಂದೊಂದು ದೋಣಿಯವರೂ ಬಂದು, ಮೊದಲ ಬೆಂಡನ್ನು ಇವರ ಬಲಗೈಯಲ್ಲೇ ಕಟ್ಟಿಸಿಕೊಂಡು ಹೋಗುತ್ತಿದ್ದುದು ನಿನಗೆ ಗೊತ್ತಲ್ಲ. ನೀನು ಸಣ್ಣವಳಿರುವಾಗ ಅಂಗಡಿಯಿಂದ ಹೆದ್ದಾರಿಯವರೆಗೆ ಸಾಲು ಇರುತ್ತಿತ್ತು. ಎಲ್ಲಿಯ ಮಾಲ್ವಣ, ಎಲ್ಲಿಯ ಉಪ್ಪುಂದ! ಮಾತು, ಮೀನಿನ ಸಾರು, ದೇವರು, ಎಲ್ಲವೂ ಬೇರೆ. ಆದರೂ ಅವರನ್ನು ಈ ಊರಿಗೆ ಕಟ್ಟಿ ಹಾಕಿದ್ದು ಆ ಒಂದು ಗಂಟು. ನಾನೆಂದು ನೀನು ಹೇಳಬಹುದು. ಇಲ್ಲ. ನಾನು ಬಂದದ್ದೇ ಆ ಗಂಟಿನಿಂದ. ಕೈಗುಣದ ಹುಡುಗ ಎಂದು ಕೇಳಿಯೇ ನನ್ನ ಅಪ್ಪ ಒಪ್ಪಿದ್ದು.

ಈಗಿನ ಹುಡುಗರಿಗೆ ನೆಟ್ಟೂ ನೆಟ್ಟಿನಲ್ಲೇ ಸಿಗುತ್ತದೆ. ಬೆಂಡು, ಸೀಸ ಎಲ್ಲವನ್ನೂ ಫ್ಯಾಕ್ಟರಿಯವರೇ ಕಟ್ಟಿ, ಪ್ಲಾಸ್ಟಿಕ್ ಸುತ್ತಿ ಬೈಂದೂರಿಗೆ ಕಳಿಸುತ್ತಾರೆ. ಸಾಲು ಕರಗುತ್ತ ಕರಗುತ್ತ ಈ ವರ್ಷ ಉಳಿದದ್ದು ಮುತ್ತಣ್ಣನ ದೋಣಿ ಒಂದೇ. ಅದನ್ನು ನಿನ್ನ ಅಪ್ಪಯ್ಯ ನುಂಗಿಕೊಂಡಿದ್ದರು. "ಜನಕ್ಕೆ ಹೊಸತು ಬೇಕು, ತಪ್ಪೆಂತ?" ಎನ್ನುತ್ತಿದ್ದರು. ಅವರಿಗೆ ನುಂಗಲಾಗದ್ದು ಆಮೇಲೆ ಬಂತು.

ಮಳೆ ಶುರುವಾದಾಗ ನಾನು ಒಂದು ಶಬ್ದ ಕೇಳತೊಡಗಿದೆ. ಸೀಸದ ಗುಂಡುಗಳನ್ನು ತಕ್ಕಡಿಗೆ ಹಾಕುವಾಗ ಒಂದೇ ಸಲ 'ಠಣ್' ಎನ್ನುತ್ತಿದ್ದದ್ದು ಈಗ 'ಕಟಕಟಕಟ'. ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತ ನಾನು ಕಿವಿಯಲ್ಲೇ ಅವರ ಕೈಯನ್ನು ನೋಡುತ್ತಿದ್ದೆ. ಕೇಳಿದರೆ ತಕ್ಕಡಿ ಹಳತಾಯಿತು ಎಂದರು. ಹೊಸ ತಕ್ಕಡಿ ತಂದೆವು. ಅದೂ ಕಟಕಟ ಎಂದಿತು. ಆಮೇಲೆ ಬಲಗೈ ಪ್ಯಾಂಟಿನ ಜೇಬು ಸೇರಿತು. ಯಾವಾಗ ನೋಡಿದರೂ ಜೇಬಿನಲ್ಲೇ. "ಎಂತ, ಒಳಗೆ ಮರಿ ಸಾಕಿದ್ರ್ಯಾ?" ಎಂದು ಕೆಣಕಿದೆ. ನಗಲಿಲ್ಲ.

ಜೇಬಿನಲ್ಲಿ ಒಂದು ಕೈ ಹೋದರೆ ವ್ಯಾಪಾರಕ್ಕೆ ಉಳಿಯುವುದು ಯಾವುದು? ಆ ದಿನ ಮುತ್ತಣ್ಣನ ಹೆಂಡತಿ ಬೆಳ್ಳಿಯಕ್ಕ ನೂಲಿಗೆ ಬಂದಿದ್ದಳು. ಇವರು ಉಂಡೆಯನ್ನು ಎಡಗೈಯಲ್ಲಿ ಚಾಚಿದರು. ದೋಣಿಗೆ ಹೋಗುವ ನೂಲು, ಮಳೆಗಾಲದ ಮೊದಲ ನೂಲು, ಎಡಗೈಯಲ್ಲಿ! ಬೆಳ್ಳಿಯಕ್ಕ ಕೈ ಚಾಚಲಿಲ್ಲ. "ಎಂತ ಪ್ರೇಮಣ್ಣ, ಎಡ್‌ಗೈಯಂಗ್ ಕೊಡುದಾ? ನಾವ್ ನಿಮ್ಗ್ ಎಂತ ಮಾಡಿದ್ದ್?" ಎಂದಳು. ನಾನು ಒಳಗಿನಿಂದ ಓಡಿ ಬಂದು, "ಅಕ್ಕಾ, ಅವ್ರ್ ಯೋಚ್ನೆ ಎಲ್ಲೋ ಇತ್ತ್" ಎಂದು ಉಂಡೆ ಕಿತ್ತು ನನ್ನ ಬಲಗೈಯಲ್ಲಿ ಕೊಟ್ಟೆ. ಆಕೆ ಅದನ್ನು ಮೇಜಿನ ಮೇಲೆ ಇಟ್ಟು ಮಳೆಯಲ್ಲೇ ನಡೆದಳು. ಸಂಜೆಯೊಳಗೆ ದಡದಲ್ಲೆಲ್ಲ ಸುದ್ದಿ: "ಎಷ್ಟ್ ವರ್ಷ ಆದ್ರೂ ಹೊರ್ಗಿನವ್ರ್ ಹೊರ್ಗಿನವ್ರೇ." ಅದನ್ನು ನನಗೆ ಹೇಳಿದವರೇ ನಾಲ್ಕಾರು ಮಂದಿ, ಎಲ್ಲರೂ ನನ್ನ ಮೇಲಿನ ಪ್ರೀತಿಯಿಂದ.

ಅಂದು ನನಗೆ ಗೊತ್ತಾಯಿತು. ಅವರು ಸೊಕ್ಕಿನವರು ಅನ್ನಿಸಿಕೊಳ್ಳಲು ತಯಾರಿದ್ದರು, ಕೈ ನಡುಗುತ್ತದೆ ಅನ್ನಿಸಿಕೊಳ್ಳಲು ತಯಾರಿರಲಿಲ್ಲ. ಊರಿಗೆಲ್ಲ ಕೈಗುಣ ಕೊಟ್ಟವರಿಗೆ ಕೈಯೇ ಕೈ ಕೊಟ್ಟಿತು. (ಇಲ್ಲಿ ನಿಂತು ಇನ್ನೊಮ್ಮೆ ಓದು.)

ಹೆಂಡತಿಯ ಸಿಟ್ಟಿಗೆ ಕಿವಿಗೊಡದೆ ಮುತ್ತಣ್ಣ ಹೊಸ ಬಲೆ ಹೊತ್ತು ಬಂದ. ಜೊತೆಗೆ ಮೊಮ್ಮಗ ರತನ್. ಆ ಹುಡುಗ ಕೆಟ್ಟವನಲ್ಲ, ನವ್ಯಾ. ನಿನ್ನೊಟ್ಟಿಗೆ ಶಾಲೆಗೆ ಹೋದವನು, ನಿನಗೆ ಗೊತ್ತು. ಆದರೆ ಮೊಬೈಲ್ ಇಲ್ಲದೆ ಕಣ್ಣು ಕಾಣುವುದಿಲ್ಲ. ನಿನ್ನ ಅಪ್ಪಯ್ಯ ಬೇರೆ ದಾರಿಯಿಲ್ಲದೆ ಬಲಗೈ ಹೊರತೆಗೆದರು. ಬೆಂಡಿನ ತೂತಿಗೆ ನೂಲು ಹೋಗಲಿಲ್ಲ. ಇನ್ನೊಮ್ಮೆ ಹೋಗಲಿಲ್ಲ. ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದು ಪೋಣಿಸಿದರು. ಬೆಂಡು ಕಟ್ಟುವುದರೊಳಗೆ ತಾವೇ ಬೆಂಡಾದರು. ನಾನು ಬಾಗಿಲ ಹಿಂದೆ ಸೆರಗು ಕಚ್ಚಿ ನಿಂತಿದ್ದೆ. ಮುತ್ತಣ್ಣ ಎಲ್ಲವನ್ನೂ ನೋಡಿದ, ಗಂಟನ್ನು ಕಣ್ಣಿಗೆ ಒತ್ತಿಕೊಂಡ, ಹೊರಟ. ಉಳಿದೆವು ಎಂದುಕೊಂಡೆ. ರತನ್ ಕೂಡ ನೋಡಿದ್ದ, ಆದರೆ ಮೊಬೈಲಿನ ಮೂಲಕ. ಅವನು ಸ್ಟೇಟಸ್ ಹಾಕಿದ, ನಮ್ಮ ಸ್ಟೇಟಸ್ ಹೋಯಿತು.

ಅವನು ಬರೆದದ್ದು ಒಳ್ಳೆಯ ಮಾತೇ: 'ನಮ್ಮ ಕಡಲ ಸಂಪ್ರದಾಯ, ನಮ್ಮ ಹೆಮ್ಮೆ.' ಅದಕ್ಕೆ ಕೆಂಪು ಹೃದಯಗಳು, ಮುಗಿದ ಕೈಗಳು. ಫ್ಯಾಕ್ಟರಿ ಬಲೆ ತರಿಸಿದವರೆಲ್ಲ ಹೃದಯ ಒತ್ತಿದ್ದರು.

ಆಮೇಲಿನದ್ದನ್ನು ನಿನಗೆ ಹೇಳಲೇಬಾರದು ಎಂದುಕೊಂಡಿದ್ದೆ. ಬೇರೆ ದೋಣಿಗಳ ಮೂರ್ನಾಲ್ಕು ಹುಡುಗರು ಬಂದರು. ನಿನ್ನ ಅಪ್ಪಯ್ಯನ ಮುಖ ಅರಳಿದ್ದನ್ನು ನಾನು ಕಂಡೆ. ಸಾಲು ಮತ್ತೆ ಶುರುವಾಯಿತು ಎಂದು ಅವರು ಎದ್ದೇ ನಿಂತರು. ಮೊದಲೆಲ್ಲ ನಮ್ಮ ಅಂಗಡಿಗೆ ರೀಲು ಕೊಳ್ಳಲು ಬರುತ್ತಿದ್ದರು, ಇವರು ಬಂದದ್ದು ರೀಲು ಮಾಡಲು. ಅವರ ಬಲೆಗೆ ಫ್ಯಾಕ್ಟರಿಯಲ್ಲೇ ಬೆಂಡು ಕಟ್ಟಿಯಾಗಿತ್ತು. ವಿಡಿಯೊಗಾಗಿ ಅದರಲ್ಲಿ ಒಂದನ್ನು ಕತ್ತರಿಸಿ ತಂದಿದ್ದರು. ಒಬ್ಬ ಹೇಳಿದ, "ಪ್ರೇಮಣ್ಣ, ನಿಮ್ ಕೈ ಮಾತ್ರ ಬರ್ಲಿ, ಮುಖ ಬ್ಯಾಡ." ಇವರು ಕಟ್ಟತೊಡಗಿದರು. ಇನ್ನೊಬ್ಬ ಹತ್ತಿರ ಬಾಗಿ, ಬಹಳ ಮರ್ಯಾದೆಯಿಂದಲೇ ಹೇಳಿದ, "ಹಾಂಗೇ ನಡ್ಗ್ಲಿ, ನಿಲ್ಸ್‌ಬೇಡಿ. ಲಾಯ್ಕ್ ಬತ್ತ್."

ಅವರು ಬೆಂಡನ್ನು ಮೇಜಿನ ಮೇಲೆ ಇಟ್ಟರು. ನೂಲನ್ನು ಸುತ್ತಿ ಡಬ್ಬಕ್ಕೆ ಹಾಕಿದರು. ಹುಡುಗರನ್ನು ಹೊರಗೆ ಬಿಟ್ಟು ಶಟರನ್ನು ಅರ್ಧಕ್ಕೆ ಎಳೆದರು. ಒಳಗೆ ಬಂದು ನನ್ನ ಹತ್ತಿರ ಮಾಲ್ವಣಿಯಲ್ಲಿ "ಪುರೇ ಝಾಲಾ" ಎಂದರು. ಸಾಕಾಯಿತು ಎಂದು. ನನ್ನೊಟ್ಟಿಗೆ ಅವರು ಮಾಲ್ವಣಿ ಆಡುವುದು ಜ್ವರ ಬಂದಾಗ ಮಾತ್ರ.

ಅಂದಿನಿಂದ ಮಾಲ್ವಣಕ್ಕೆ ಹೋಗೋಣ ಎಂದು ಹಟ. ಅಂಗಡಿ ಬಿಟ್ಟುಕೊಟ್ಟು, ಮಳೆ ನಿಂತ ಕೂಡಲೇ. ನನಗೆ ಹೆದರಿಕೆ ಇದಕ್ಕೇ. ಮಾಲ್ವಣದಲ್ಲಿ ಯಾರಿದ್ದಾರೆ? ಅವರ ಅಣ್ಣನ ಮಗಳ ಮದುವೆಗೆ ಹೋದದ್ದು ನೆನಪಿದೆಯಲ್ಲ? ಬಾಗಿಲಲ್ಲೇ ಒಬ್ಬಳು "ಕರ್ನಾಟಕಚೇ ಪಾವಣೇ ಇಲೇ" ಎಂದು ಕೂಗಿದಳು. ಕರ್ನಾಟಕದ ನೆಂಟರು ಬಂದರಂತೆ! ಇವರ ಮಾಲ್ವಣಿ ಕೇಳಿ ಮಕ್ಕಳು ಬಾಯಿ ಮುಚ್ಚಿ ನಕ್ಕವು, ಅಂಥ ಮಾತು ಈಗ ಅಲ್ಲಿ ಯಾರೂ ಆಡುವುದಿಲ್ಲವಂತೆ. ಅಜ್ಜನ ಮನೆ ಕಡಲಲ್ಲಿ ಮುಳುಗು ಹಾಕಲು ಬರುವ ಪೇಟೆಯವರ ಬಾಡಿಗೆ ರೂಮಾಗಿದೆ. ಬಾವಿಕಟ್ಟೆಗೆ ಬಣ್ಣದ ದೀಪ ಸುತ್ತಿದ್ದಾರೆ. ಇವರು ಆ ಬಾವಿಯ ನೀರು ಕುಡಿಯಬೇಕೆಂದರೆ, ಕೆಲಸದ ಹುಡುಗಿ ಬಾಟಲಿ ನೀರು ತಂದುಕೊಟ್ಟಳು. ಆ ಊರು ಈಗ ಇರುವುದು ಇವರ ತಲೆಯೊಳಗೆ ಮಾತ್ರ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗಲು ಯಾವ ರೈಲೂ ಇಲ್ಲ. ಇದನ್ನು ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ಅವರಿಗೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ ಎಂದಾಗುತ್ತದೆ.

ಇವತ್ತು ಬೆಳಿಗ್ಗೆ ಏನಾಯಿತೆಂದು ಕೇಳು.

ದೋಸೆ ಹೊಯ್ಯುತ್ತಿದ್ದೆ. ಹೊರಗಿನಿಂದ "ಹ್ವಾಯ್!" ಎಂದು ಮುತ್ತಣ್ಣನ ಕೂಗು. ಆ ಕೂಗಿನಲ್ಲೇ ಏನೋ ಆಗಿದೆ ಎಂದು ಗೊತ್ತಾಯಿತು. ಅರ್ಧ ಶಟರಿನ ಕೆಳಗೆ ಮೊದಲು ಅವನ ಕೆಸರು ಕಾಲು ಕಂಡಿತು, ಆಮೇಲೆ ಬಲೆ, ಆಮೇಲೆ ಬಗ್ಗಿ ಬಂದ ಮುತ್ತಣ್ಣ. ಹಿಂದೆ ರತನ್. ಬಲೆಯ ತುದಿಯನ್ನು ಮೇಜಿನ ಮೇಲೆ ಹಾಕಿ ಮುತ್ತಣ್ಣ ಹೇಳಿದ, "ಮೊದ್ಲಿನ್ ಬೆಂಡ್ ಹೋಯ್ತ್. ಗಂಟ್ ಕಳ್ಚಿ ಕಡ್ಲ್ ಪಾಲಾಯ್ತ್."

ದೋಸೆ ಕರಟಿದ ವಾಸನೆ ಬಂದರೂ ನನಗೆ ಅಲ್ಲಾಡಲಾಗಲಿಲ್ಲ. ಒಂದು ಬೆಂಡು ಹೋದರೆ ಬಲೆ ಮುಳುಗುವುದಿಲ್ಲ, ಅದು ನಿನಗೂ ಗೊತ್ತು. ಆದರೆ ಮೊದಲ ಬೆಂಡು, ಅದೂ ಕಡಲು ಕೆರಳಿ ಇಷ್ಟು ದಿನ ದಡದಲ್ಲೇ ಇದ್ದ ಬಲೆಯನ್ನು ಇಳಿಸಿದ ಮೊದಲ ದಿನವೇ! ದಡದಲ್ಲಿ ಎಷ್ಟು ಜನ ಕಂಡರೋ, ಬೆಳ್ಳಿಯಕ್ಕ ಏನೆಂದಳೋ. ಉಳಿದಿದ್ದ ಒಂದು ದೋಣಿಯೂ ಹೋಯಿತು, ಇನ್ನು ಇವರನ್ನು ಹಿಡಿದು ನಿಲ್ಲಿಸುವುದು ನನ್ನಿಂದಾಗದು ಎಂದುಕೊಂಡೆ. "ಮುತ್ತಣ್ಣ, ಚಾ ಕುಡಿತ್ರ್ಯಾ? ದೋಸಿ ಅಂತೂ ಸುಟ್ಟ್ ಹೋಯ್ತ್" ಎಂದು ಏನೋ ಒದರಿದೆ. ಯಾರೂ ನಗಲಿಲ್ಲ.

ನಿನ್ನ ಅಪ್ಪಯ್ಯ ಎದ್ದು ಬಲಗೈಯನ್ನು ಜೇಬಿನಿಂದ ತೆಗೆದು ಅವನ ಮುಖದ ಮುಂದೆ ಚಾಚಿದರು. ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಆಡುತ್ತಿತ್ತು. "ಕಾಣಿ ಮುತ್ತಣ್ಣ. ಇದ್ ಇನ್ನ್ ಆಪ್ದಲ್ಲ. ಬೇರೆಯವ್ರ್ ಕೈಯಂಗ್ ಕಟ್ಸಿ" ಎಂದರು.

ಮುತ್ತಣ್ಣ ಆ ಕೈಯನ್ನು ನೋಡುತ್ತ ನಿಂತ. "ಬೇರೆ ಕೈ ಎಲ್ಲಿತ್ತ್ ಮಾರಾಯ್ರೆ?" ಎಂದ.

ರತನ್ ಬಾಯಿ ಹಾಕಿದ, "ಅಜ್ಜಯ್ಯ, ನಾನ್ ತರ್ಸಿದ್ ಆನ್‌ಲೈನ್ ಬಲಿ ಇತ್ತಲ್ಲ ಮನ್ಯಗೆ. ಅದಕ್ಕ್ ಫ್ಯಾಕ್ಟ್ರಿಯಂಗೇ ಕಟ್ಟಿ ಬಂದಿತ್ತ್."

"ಫ್ಯಾಕ್ಟ್ರಿ ಕಡ್ಲ್ ಕಂಡಿತ್ತಾ? ಸುಮ್ನಿರ್" ಎಂದ ಮುತ್ತಣ್ಣ. ಮತ್ತೆ ಇವರ ಕಡೆ ತಿರುಗಿ, ಮಗುವಿನ ಹಾಗೆ ದನಿ ಇಳಿಸಿ, "ಪ್ರೇಮಣ್ಣ, ನಂಗ್ ಹೆದ್ರಿಕಿ ಆತ್ತ್. ಆ ಬೆಂಡ್ ಇಲ್ದೆ ಹೋಪುಕೆ ಧೈರ್ಯ ಇಲ್ಲೆ. ಈ ಮಾಣಿನೂ ನನ್ನೊಟ್ಟಿಗೆ ಬತ್ತ" ಎಂದ.

ನನಗೆ ಆಗಲೇ ಹೊಳೆದದ್ದು. ಅವನು ಜಗಳಕ್ಕೆ ಬಂದವನಲ್ಲ, ನನ್ನಷ್ಟೇ ಹೆದರಿ ಬಂದವನು.

ಅವನು ನೆಲದಲ್ಲಿ ಕೂತು ಬಲೆಯನ್ನು ತೊಡೆಯ ಮೇಲೆ ಹರಡಿಕೊಂಡ. ನಿನ್ನ ಅಪ್ಪಯ್ಯ ಡಬ್ಬದಿಂದ ಬೆಂಡು ತೆಗೆದು ಎದುರಿಗೆ ಕುಳಿತರು. ರತನ್‌ನ ಕೈ ಅಭ್ಯಾಸಬಲದಿಂದ ಮೊಬೈಲಿಗೆ ಹೋಯಿತು. "ಅದನ್ನ್ ಒಳ್ಗ್ ಹಾಕ್. ಹಗ್ಗ ಹಿಡಿ" ಎಂದ ಅಜ್ಜ. ರತನ್ ಹಗ್ಗ ಹಿಡಿದ. ಬೆಂಡಿನ ತೂತಿಗೆ ಅಂತೂ ನೂಲು ಹೋಯಿತು. ಗಂಟು ಬಿತ್ತು. ಮುತ್ತಣ್ಣ ಎಳೆದು ನೋಡಿ, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ, "ಸಮ ಆಯ್ಲಿಲ್ಲ. ಬಿಚ್ಚಿ ಕಟ್ಟಿ" ಎಂದ. ಬಿಚ್ಚಿದರು, ಕಟ್ಟಿದರು. "ಇದೂ ಸಮ ಇಲ್ಲೆ. ಎಂತ ಪ್ರೇಮಣ್ಣ, ಬೆಳಿಗ್ಗೆ ತಿಂಡಿ ತಿನ್ಲಿಲ್ಯಾ?" ಇವರಿಗೆ ಸಿಟ್ಟು ಬಂತು. "ದೋಸಿ ಸುಟ್ಟದ್ದ್ ನಿಮ್ ಕೂಗಿಗೇ!" ಎಂದರು. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಕುಂದಾಪ್ರ ಬೈಗುಳ! ಮೂರನೆಯದೋ ನಾಲ್ಕನೆಯದೋ ಗಂಟನ್ನು ಮುತ್ತಣ್ಣ ಹಲ್ಲಿನಿಂದ ಕಚ್ಚಿ ಜಗ್ಗಿ, ಏನೂ ಹೇಳದೆ ಬಲೆ ಹೊತ್ತುಕೊಂಡ.

ದೋಣಿ ಈಗ ಕಡಲಲ್ಲಿದೆ. ನಾನು ಬರೆಯುತ್ತಿರುವುದು ಮಧ್ಯಾಹ್ನದ ಊಟದ ಹೊತ್ತಿಗೆ, ಆದರೆ ಯಾರಿಗೂ ಊಟ ಬೇಡವಾಗಿದೆ. ಪಡುವಣ ದಿಕ್ಕು ಕಪ್ಪಾಗುತ್ತಿದೆ, ತೆಂಗಿನ ಗರಿಗಳು ಒಂದೇ ಕಡೆಗೆ ವಾಲಿವೆ. ನಿನ್ನ ಅಪ್ಪಯ್ಯ ಅಂಗಡಿಯ ಮೆಟ್ಟಿಲಲ್ಲಿ ನಿಂತು ಕಡಲಿನ ಕಡೆ ನೋಡುತ್ತಿದ್ದಾರೆ. ಅರ್ಧ ತೆರೆದಿದ್ದ ಶಟರ್ ಈಗ ಮುಕ್ಕಾಲು ತೆರೆದಿದೆ. ಮಾಲ್ವಣದ ಮಾತನ್ನು ಬೆಳಿಗ್ಗೆಯಿಂದ ಎತ್ತಿಲ್ಲ. ಬಿಟ್ಟುಬಿಟ್ಟರು ಎಂದು ಬರೆಯುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ತಡಿ, ಹೊರಗೆ ಕೂಗು ಕೇಳುತ್ತಿದೆ. ನೋಡಿ ಬಂದು ಮುಂದುವರಿಸುತ್ತೇನೆ.

ದೋಣಿ ದಡ ಸೇರಿತು. ಎಲ್ಲರೂ ಬಂದರು. ಮೀನು ಅಷ್ಟಕ್ಕಷ್ಟೆ, ಬುಟ್ಟಿಯ ತಳ ಮುಚ್ಚುವಷ್ಟು. ಕೈಗುಣ ಎನ್ನುವಷ್ಟೂ ಇಲ್ಲ, ಕೈಕೊಟ್ಟಿತು ಎನ್ನುವಷ್ಟೂ ಇಲ್ಲ. ರತನ್ ದಡದಿಂದ ಓಡಿ ಬಂದು, "ಬೆಂಡ್ ಇತ್ತ್ ಪ್ರೇಮಣ್ಣ, ಅಲ್ಲೇ ಇತ್ತ್!" ಎಂದ. ಬೆಳ್ಳಿಯಕ್ಕ ಇನ್ನೂ ಮಾತಾಡಿಲ್ಲ, ಆದರೆ ನಮ್ಮ ಕಡೆ ನೋಡಿದಳು. ನಿನ್ನ ಅಪ್ಪಯ್ಯ ಒಳಗೆ ಬಂದು ತಣ್ಣಗಾದ ಅನ್ನವನ್ನೇ ಬಡಿಸು ಎಂದರು. ಚಮಚದಲ್ಲಿ ಉಂಡರು. ನಾನೂ ಚಮಚದಲ್ಲೇ ಉಂಡೆ. ಇಬ್ಬರೂ ಪೇಟೆಯವರಾದೆವು ಎಂದೆ. ಸ್ವಲ್ಪ ನಕ್ಕರು.

ಇಂತು ನಿನ್ನ ಹೆದರುಪುಕ್ಕಿ ಅಮ್ಮ,
ವನಜ

ಮರೆತದ್ದಲ್ಲ, ಬರೆಯಲು ಹೆದರಿ ಕೊನೆಗೆ ಇಟ್ಟದ್ದು: ಹೋದ ವಾರ ಅವರನ್ನು ಕುಂದಾಪುರದ ಡಾಕ್ಟರಿಗೆ ತೋರಿಸಿದೆ. ಜೀವಕ್ಕೆ ಅಪಾಯವಿಲ್ಲವಂತೆ, ಮಾತ್ರೆ ಕೊಟ್ಟಿದ್ದಾರೆ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. "ನಮ್ಮ ಬಾಬಾನಿಗೂ ಇತ್ತು" ಎಂದು ತಮ್ಮ ಅಪ್ಪನನ್ನು ನೆನೆದರು ನಿನ್ನ ಅಪ್ಪಯ್ಯ. ಕೆಲವು ಮನೆತನಗಳಲ್ಲಿ ಇದು ಹರಿದು ಬರುವುದುಂಟು, ಎಲ್ಲರಿಗೂ ಅಲ್ಲ ಎಂದರು ಡಾಕ್ಟರು. ಆ 'ಎಲ್ಲರಿಗೂ ಅಲ್ಲ' ಎಂಬುದನ್ನು ಜಪಿಸುತ್ತ ಬಸ್ಸಿನಲ್ಲಿ ಹೆಮ್ಮಾಡಿ ದಾಟಿದ್ದೇ ತಿಳಿಯಲಿಲ್ಲ. ಕಳೆದ ಸಲ ಊರಿಗೆ ಬಂದಾಗ ನೀನು ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಕೇಳಿದರೆ ಚಳಿ ಎಂದೆ. ಉಪ್ಪುಂದದಲ್ಲಿ, ಏಪ್ರಿಲ್ ತಿಂಗಳಲ್ಲಿ! ಈ ಕಾಗದಕ್ಕೆ ಉತ್ತರವನ್ನು ಫೋನಿನಲ್ಲಿ ಹೇಳಬೇಡ, ಮೊಬೈಲಿನಲ್ಲಿ ಒತ್ತಿ ಕಳಿಸಬೇಡ. ಪೆನ್ನು ಹಿಡಿದು ಬರೆ, ಒಂದೇ ಸಾಲಾದರೂ ಸಾಕು. ಮೊದಲು ನಿನ್ನ ಅಕ್ಷರ ನೋಡುತ್ತೇನೆ, ಏನು ಬರೆದಿದ್ದೀ ಎಂಬುದನ್ನು ಆಮೇಲೆ ಓದುತ್ತೇನೆ.